ಕುಡಿದ ನೀರಿನ ಋಣ

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ರಜೆ ಎಂಬುದು ಎರಡು ಬಗೆಯದು. ಊರಿಗೆ ಹೋಗುವ ರಜೆ ಒಂದು. ಊರಿಗೆ ಹೋಗಲಾಗದ ರಜೆ ಇನ್ನೊಂದು. ಮೊದಲನೆಯದು ದಸರೆಗೋ ಬೇಸಗೆಗೋ ಬರುತ್ತದೆ. ಆಗ ಕಾಚಿಗುಡದ ರೈಲು ನಿಲ್ದಾಣದಲ್ಲಿಯೂ ಗೌಳಿಗುಡದ ಬಸ್ ನಿಲ್ದಾಣದಲ್ಲಿಯೂ ರಾಯಚೂರು, ಕಲಬುರಗಿ, ಬೀದರಗಳ ಕಡೆಗೆ ಹೊರಟ ಗಂಟುಮೂಟೆಗಳ ನಡುವೆ ಕನ್ನಡ ಮಾತು ಧಾರಾಳವಾಗಿ ಕಿವಿಗೆ ಬೀಳುತ್ತದೆ. ಎರಡನೆಯದು ಭಾನುವಾರದ ರಜೆ, ಎರಡನೇ ಶನಿವಾರದ ರಜೆ, ಅಥವಾ ಪಂಚಾಂಗದಲ್ಲಿ ಒಂಟಿಯಾಗಿ ನಿಂತ ಒಂದು ಹಬ್ಬದ ರಜೆ. ಆ ದಿನ ಯಜಮಾನರಿಗೆ ನಿದ್ದೆ, ಗೃಹಿಣಿಗೆ ವಾರದ ಬಟ್ಟೆಯ ರಾಶಿ, ಮಕ್ಕಳಿಗೆ ಮೊಬೈಲು. ಸಂಜೆಯಾಗುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ರಜೆ ಹೋಯಿತು!

ಹೀಗೆ ಕೈಜಾರುವ ರಜೆಯನ್ನು ಹಿಡಿದು ನಿಲ್ಲಿಸುವ ಒಂದು ಉಪಾಯವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಅದೇ ಕಾರ್ತಿಕ ಮಾಸದ ವನಭೋಜನ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರ ಹೊರಗಿನ ತೋಪಿಗೆ ಹೋಗುವುದು, ನೆಲ್ಲಿಯ ಮರಕ್ಕೆ ಅರಿಸಿನ ಕುಂಕುಮವಿಟ್ಟು ದೀಪ ಬೆಳಗುವುದು, ಅದರ ನೆರಳಿನಲ್ಲಿ ಕುಳಿತು ಉಣ್ಣುವುದು. ಇಷ್ಟೇ ವಿಧಿ. ಕನ್ನಡ ನಾಡಿನಂತೆ ತೆಲುಗು ನಾಡಿನಲ್ಲಿಯೂ ಈ ಪದ್ಧತಿ ಉಂಟು. ಹೈದರಾಬಾದಿನ ಉದ್ಯಾನಗಳಲ್ಲಿ ಕಾರ್ತಿಕದ ಭಾನುವಾರಗಳಂದು ಕಾಲಿಡಲು ತೆರಪಿರುವುದಿಲ್ಲ. ಈ ವಿಧಿಯಲ್ಲಿ ಒಂದು ಕ್ರಮವಿರುವುದನ್ನು ವಾಚಕರು ಗಮನಿಸಬೇಕು. ಮೊದಲು ಮರಕ್ಕೆ ನಮಸ್ಕಾರ, ಆಮೇಲೆ ಊಟ. ನೆರಳು ಕೊಟ್ಟವರನ್ನು ನೆನೆದ ನಂತರವೇ ಕೈ ಎಲೆಗೆ ಹೋಗಬೇಕು. ರಜೆಯೂ ಕೃತಜ್ಞತೆಯೂ ಒಂದೇ ಎಲೆಯಲ್ಲಿ ಬಡಿಸಲ್ಪಡುವ ಇಂಥ ಹಬ್ಬಗಳು ನಮ್ಮಲ್ಲಿ ಹೆಚ್ಚಿಲ್ಲ.

೨೦೨೫ರ ಕಾರ್ತಿಕದ ಒಂದು ಭಾನುವಾರ ನಾವು ನಾಲ್ಕೈದು ಕನ್ನಡ ಸಂಸಾರದವರು ಸೇರಿ ಗಂಡಿಪೇಟೆಗೆ ಹೋಗಿದ್ದೆವು. ಅಲ್ಲಿಯ ಉಸ್ಮಾನ್ ಸಾಗರವನ್ನು ನಗರದ ಜನ ಗಂಡಿಪೇಟೆ ಕೆರೆ ಎಂದೇ ಕರೆಯುತ್ತಾರೆ. ಮೆಹದಿಪಟ್ಟಣದಿಂದ ಮುಂದೆ ಪಶ್ಚಿಮಕ್ಕೆ ಸಾಗಿದರೆ ಗಗನಚುಂಬಿ ಕಟ್ಟಡಗಳ ಸಾಲು ಮುಗಿದ ಮೇಲೆ ಥಟ್ಟನೆ ನೀರು ಕಾಣಿಸುತ್ತದೆ. ಆ ವರ್ಷ ಮಳೆ ಸಮೃದ್ಧವಾಗಿದ್ದುದರಿಂದ ಕೆರೆ ತುಂಬಿತ್ತು. ಆಚೆಯ ದಡ ಮಂಜಿನಲ್ಲಿ ಗೆರೆಯಂತೆ ತೋರುತ್ತಿತ್ತು. ನಾವು ಕುಳಿತ ಕಡೆ ನೆಲ್ಲಿಯ ಮರವಿರಲಿಲ್ಲ. ನಮ್ಮ ಜೊತೆಗಿದ್ದ ಹಿರಿಯ ಅತ್ತೆಯವರು ಅದಕ್ಕೂ ಸಿದ್ಧರಾಗಿಯೇ ಬಂದಿದ್ದರು. ಸಂತೆಯಿಂದ ತಂದ ಕಾಯಿಸಹಿತವಾದ ನೆಲ್ಲಿಯ ಕೊಂಬೆಯೊಂದನ್ನು ಚೀಲದಿಂದ ತೆಗೆದು, ಬೇವಿನ ಮರದ ಬುಡಕ್ಕೆ ಒರಗಿಸಿ, "ಊರಿಲ್ಲದ ಕಡಿ ಇದೇ ನಮ್ಮ ಬನ" ಎಂದರು.

ಬುತ್ತಿ ಬಿಚ್ಚಿದಾಗ ಜೋಳದ ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರನ್ನ, ಶೇಂಗಾ ಹೋಳಿಗೆ ಹೊರಬಂದವು. ಪಕ್ಕದ ಜಮಖಾನೆಯ ಮೇಲೆ ಕುಳಿತಿದ್ದ ತೆಲುಗು ಸಂಸಾರದವರು ಪುಳಿಹೊರೆಯ ಡಬ್ಬಿ ನೀಡಿದರು. ನಾವು ಪುಂಡಿಪಲ್ಯ ಕೊಟ್ಟೆವು. ಅವರು ಅದನ್ನು ಗೋಂಗೂರ ಎಂದು ಗುರುತಿಸಿ ನಕ್ಕರು. ಹೆಸರು ಬೇರೆ, ಹುಳಿ ಒಂದೇ.

ಊಟದ ನಡುವೆ ಮಕ್ಕಳಲ್ಲೊಬ್ಬಳು ಕೇಳಿದಳು: "ಅಜ್ಜಿ, ಇಷ್ಟೊಂದು ನೀರು ಇಲ್ಲಿ ಯಾರು ತಂದಿಟ್ಟರು?" ಅತ್ತೆಯವರು ಉತ್ತರ ಹೇಳುವಷ್ಟರಲ್ಲಿ ನಮ್ಮಲ್ಲೊಬ್ಬರು ಎದೆಯುಬ್ಬಿಸಿ, "ನಮ್ಮ ವಿಶ್ವೇಶ್ವರಯ್ಯನವರು ಕಣಮ್ಮಾ, ನಮ್ಮ ಕನ್ನಡಿಗರು!" ಎಂದರು. ಒಂಗೋಲು ಕಡೆಯವರಾದ ಪಕ್ಕದ ಗೃಹಸ್ಥರು ಈ ಹೆಸರನ್ನು ಕೇಳಿಸಿಕೊಂಡು, "ಮೋಕ್ಷಗುಂಡಂ ಅಂಟೇ ಮಾದೇ ಕದಂಡೀ!" ಎಂದು ತಮ್ಮ ಹಕ್ಕನ್ನು ಮಂಡಿಸಿದರು. ಅವರ ಮಾತೂ ಸುಳ್ಳಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಾದರೂ, ಅವರ ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಹಳ್ಳಿ, ಪೂರ್ವಿಕರು ಅಲ್ಲಿಂದ ಬಂದವರು, ಮನೆಮಾತು ತೆಲುಗು. ಎಲ್ಲರೂ ನಕ್ಕೆವು. ಆದರೆ ಮಗುವಿನ ಪ್ರಶ್ನೆ ನಗೆಯಲ್ಲಿ ತೇಲಿಹೋಗುವಂಥದಾಗಿರಲಿಲ್ಲ. ಆ ನೀರಿನ ಕಥೆಯನ್ನು ನಮ್ಮ ಪತ್ರಿಕೆಯ ವಾಚಕರೂ ತಮ್ಮ ಮಕ್ಕಳಿಗೆ ಹೇಳಲೆಂದು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಮೂಸಿ ನದಿ ಹೈದರಾಬಾದು ನಗರವನ್ನು ಸೀಳಿಕೊಂಡು ಹರಿಯುತ್ತದೆ. ಬೇಸಗೆಯಲ್ಲಿ ಅದನ್ನು ನೋಡಿದವರು ನದಿ ಎಂದು ಕರೆಯಲು ಹಿಂದೆಮುಂದೆ ನೋಡಬೇಕು. ಇದೇ ಮೂಸಿ ೧೯೦೮ರ ಸೆಪ್ಟೆಂಬರ್ ೨೮ರಂದು ಉಕ್ಕಿ ಬಂದು ಸಾವಿರಾರು ಜನರನ್ನು ನುಂಗಿತು. ನಗರದ ಸೇತುವೆಗಳಲ್ಲಿ ೧೫೭೮ರಲ್ಲಿ ಕುತುಬಶಾಹಿಗಳು ಕಟ್ಟಿಸಿದ ಪುರಾನಾಪೂಲ್ ಮಾತ್ರ ಪ್ರವಾಹಕ್ಕೆ ಎದೆಯೊಡ್ಡಿ ನಿಂತಿತು. ಅಫ್ಜಲ್ ಸೇತುವೆ ಮೊದಲಾದವು ಮುರಿದುಬಿದ್ದವು. ಉರ್ದೂ ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಕಣ್ಣೆದುರಿನಲ್ಲೇ ಕಳೆದುಕೊಂಡು ತಾವೊಬ್ಬರೇ ಉಳಿದರು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿಖಾನರು ಮನೆಮಾರು ಕಳೆದುಕೊಂಡವರಿಗಾಗಿ ಅರಮನೆಯ ಬಾಗಿಲುಗಳನ್ನು ತೆರೆಸಿದರು.

ಆ ವೇಳೆಗೆ ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಬಯಸಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರ್ಕಾರದ ಕರೆ ಹೋಯಿತು. ೧೯೦೯ರ ಏಪ್ರಿಲ್ ತಿಂಗಳಲ್ಲಿ ಅವರು ಹೈದರಾಬಾದಿಗೆ ಬಂದರು. ಮೊದಲು ಅವರು ಮಾಡಿದ್ದು ಲೆಕ್ಕ. ಎಲ್ಲಿ ಎಷ್ಟು ಮಳೆ ಬಿತ್ತು, ಎಲ್ಲಿಂದ ಎಷ್ಟು ನೀರು ಬಂತು, ಯಾವ ಕೆರೆ ಒಡೆಯಿತು ಎಂಬುದನ್ನೆಲ್ಲ ಅಳೆದರು. ನಗರದ ಮೇಲ್ಭಾಗದ ಮೂಸಿ ಕಣಿವೆಯಲ್ಲಿ ೭೮೮ ಕೆರೆಗಳಿದ್ದವು. ಅವುಗಳಲ್ಲಿ ೨೨೧ ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನದಕ್ಕೆ ಬಿತ್ತು. ಅದು ತಾಳಲಾರದೆ ಅದರ ಕೆಳಗಿನದಕ್ಕೆ ಬಿತ್ತು. ಒಂದೊಂದಾಗಿ ನೋಡಿದರೆ ಹಳ್ಳಿಯ ಸಣ್ಣ ಕೆರೆಗಳು. ಎಲ್ಲವೂ ಸೇರಿದಾಗ ಪ್ರಳಯ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಅದೇ ವರ್ಷ ಅವರು ಕೊಟ್ಟ ವರದಿಯ ಸಾರ ಸರಳವಾದದ್ದು: ನಗರಕ್ಕೆ ಬಂದ ಮೇಲೆ ಪ್ರವಾಹವನ್ನು ತಡೆಯಲು ಹೋಗಬೇಡಿ, ಬರುವ ಮೊದಲೇ ತಡೆದು ನಿಲ್ಲಿಸಿ. ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲ್ಗಡೆ ಒಂದೊಂದು ಜಲಾಶಯ ಕಟ್ಟಬೇಕೆಂದು ಅವರು ಸೂಚಿಸಿದರು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿಖಾನರ ಕಾಲದಲ್ಲಿ ಮೂಸಿಯ ಮೇಲೆ ಉಸ್ಮಾನ್ ಸಾಗರ ೧೯೨೦ರಲ್ಲಿಯೂ, ಈಸಿಯ ಮೇಲೆ ಹಿಮಾಯತ್ ಸಾಗರ ೧೯೨೭ರಲ್ಲಿಯೂ ಪೂರ್ಣಗೊಂಡವು. ಪ್ರವಾಹ ತಡೆಯಲು ಕಟ್ಟಿದ ಈ ಕೆರೆಗಳೇ ನಗರದ ನಲ್ಲಿಗಳಿಗೂ ನೀರು ಕೊಟ್ಟವು. ಹಳೆಯ ಹೈದರಾಬಾದಿನವರು ಗಂಡಿಪೇಟೆ ನೀರಿನ ರುಚಿಯನ್ನು ಇಂದಿಗೂ ಹೊಗಳುತ್ತಾರೆ.

ಇಷ್ಟನ್ನು ಕೇಳಿದ ಮೇಲೆ ಯಾರಿಗೆ ಕೈ ಮುಗಿಯಬೇಕು? "ನಮ್ಮವರು" ಎಂದು ಹೇಳಿ ಎದೆಯುಬ್ಬಿಸುವುದು ಸುಲಭ. ಅದಕ್ಕೆ ಖರ್ಚೇನೂ ಇಲ್ಲ. ಆದರೆ ಹೆಮ್ಮೆ ಬೇರೆ, ಕೃತಜ್ಞತೆ ಬೇರೆ. ಹೆಮ್ಮೆ ನಮ್ಮನ್ನು ದೊಡ್ಡವರನ್ನಾಗಿ ಕಾಣಿಸುತ್ತದೆ. ಕೃತಜ್ಞತೆ ನಾವು ಎಷ್ಟು ಜನರ ಹೆಗಲ ಮೇಲೆ ಕುಳಿತಿದ್ದೇವೆಂಬುದನ್ನು ತೋರಿಸುತ್ತದೆ. ವಿಶ್ವೇಶ್ವರಯ್ಯನವರು ನಕ್ಷೆ ಕೊಟ್ಟರು. ಹಣ ನಿಜಾಮ ಸರ್ಕಾರದ ಖಜಾನೆಯದು, ಎಂದರೆ ಪ್ರಜೆಗಳು ತೆತ್ತ ಕಂದಾಯದ್ದು. ಆ ಪ್ರಜೆಗಳಲ್ಲಿ ಅಂದು ನಿಜಾಮ ರಾಜ್ಯಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರಿನ ನಮ್ಮ ಮುತ್ತಜ್ಜಂದಿರೂ ಇದ್ದರು. ತೆಲುಗರೂ ಮರಾಠರೂ ಇದ್ದರು. ವರದಿ ಕೊಟ್ಟ ಕೆಲಕಾಲದಲ್ಲೇ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ಸೇವೆಗೆ ತೆರಳಿದರು. ಇಲ್ಲಿ ವರ್ಷಗಟ್ಟಲೆ ನಿಂತು ಕಟ್ಟಿದವರು ಬೇರೆ ಇಂಜನಿಯರುಗಳು, ಕಲ್ಲು ಮಣ್ಣು ಹೊತ್ತ ಕೂಲಿಕಾರರು. ನೀರು ನಿಲ್ಲುವಂತೆ ತಮ್ಮ ಹೊಲಗಳನ್ನು ಬಿಟ್ಟುಕೊಟ್ಟವರು ಹಳ್ಳಿಗರು. ಇವರ ಹೆಸರನ್ನು ಯಾರೂ ಹೇಳುವುದಿಲ್ಲ. ಹೆಸರು ಗೊತ್ತಿಲ್ಲದವರಿಗೂ ಸಲ್ಲುವ ನಮಸ್ಕಾರವೇ ನಿಜವಾದ ನಮಸ್ಕಾರ.

ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಿಸೆಯ ಮರವಿದೆ. ೧೯೦೮ರ ಪ್ರವಾಹದಲ್ಲಿ ಸುಮಾರು ೧೫೦ ಜನ ಅದರ ಕೊಂಬೆಗಳನ್ನು ಹಿಡಿದು ಬದುಕಿಕೊಂಡರು. ಆ ಮರ ಹತ್ತಿಬಂದವರ ಮತವನ್ನೂ ಕೇಳಲಿಲ್ಲ, ಮಾತನ್ನೂ ಕೇಳಲಿಲ್ಲ. ನಗರದವರು ಇಂದಿಗೂ ಪ್ರತಿ ಸೆಪ್ಟೆಂಬರ್ ೨೮ರಂದು ಅದರ ಬುಡದಲ್ಲಿ ಸೇರಿ ಅಂದು ಮಡಿದವರನ್ನು ನೆನೆಯುವುದುಂಟು. ಮಕ್ಕಳಿರುವ ಕನ್ನಡ ಸಂಸಾರದವರು ಒಂದು ರಜೆಯ ಮುಂಜಾನೆ ಅಲ್ಲಿಗೆ ಹೋಗಿ ಬರಬೇಕೆಂದು ನಮ್ಮ ಸಲಹೆ. ನೆಲ್ಲಿಯ ಕೊಂಬೆಗೆ ದೀಪ ಬೆಳಗುವ ನಮಗೆ ಆ ಹುಣಿಸೆಯ ಮರ ಪರಕೀಯವಾಗಲಾರದು.

ಅನ್ನ ಕೊಟ್ಟವರ ಋಣಕ್ಕೆ ನಮ್ಮ ಹಳಗನ್ನಡದಲ್ಲಿ ಒಂದು ಸೊಗಸಾದ ಮಾತಿದೆ: ಜೋಳದ ಪಾಳಿ. ಜೋಳವುಂಡವನು ಸಲ್ಲಿಸಬೇಕಾದ ಕರ್ತವ್ಯ ಎಂದು ಅರ್ಥ. ಪಂಪನ ಭಾರತದಲ್ಲಿ ಈ ಮಾತು ಬರುತ್ತದೆ. ಅದನ್ನು ಪಂಪನು ಬರೆದು ಮುಗಿಸಿದ್ದು ಸುಮಾರು ೯೪೧ರಲ್ಲಿ, ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡ ಇರುವುದು ಇಂದಿನ ತೆಲಂಗಾಣದಲ್ಲಿಯೇ. ಅದೇ ಪ್ರಾಂತದ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನು ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದರ ಕೆಳಗೊಂದು ಕುಳಿತಿವೆ. ಈ ನೆಲದಲ್ಲಿ ಜೋಳವುಂಡು ಕನ್ನಡ ಬರೆದವರು ನಾವೇ ಮೊದಲಿಗರಲ್ಲ. ಉಂಡದ್ದನ್ನು ನೆನೆದವರಲ್ಲಿ ಕೊನೆಯವರೂ ಆಗಬಾರದು.

೧೯೫೬ರ ನವೆಂಬರ್ ಒಂದರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡ ನಾಡು ಹೈದರಾಬಾದು ರಾಜ್ಯದಿಂದ ಬೇರೆಯಾಗಿ ಮೈಸೂರನ್ನು ಸೇರಿತು. ಗಡಿ ಅತ್ತ ಸರಿಯಿತು. ಕೆಲಸ, ಮನೆ, ಮಕ್ಕಳ ಓದು ಎಂದು ಇಲ್ಲಿ ಬೇರು ಬಿಟ್ಟಿದ್ದ ಅನೇಕ ಸಂಸಾರಗಳು ಇಲ್ಲಿಯೇ ಉಳಿದವು. ಈ ನಗರ ಅವರನ್ನು ಹೊರಹೋಗಿ ಎನ್ನಲಿಲ್ಲ. ಕಾಚಿಗುಡದಲ್ಲಿ ಕನ್ನಡಿಗರು ನೃಪತುಂಗನ ಹೆಸರಿನಲ್ಲಿ ವಿದ್ಯಾಸಂಸ್ಥೆ ನಡೆಸಿದರೆ ನೆರೆಯವರು ಬೇಡವೆನ್ನಲಿಲ್ಲ. ನೀರೂ ಹಾಗೆಯೇ. ಇಂದು ಹೈದರಾಬಾದಿಗೆ ಬಹುಪಾಲು ನೀರು ಕೃಷ್ಣಾ, ಗೋದಾವರಿ, ಮಂಜೀರಾ ನದಿಗಳಿಂದ ಬರುತ್ತದೆ. ಮಂಜೀರಾ ನಮ್ಮ ಬೀದರ ಜಿಲ್ಲೆಯನ್ನು ಹಾದು ಬರುವಂಥದು. ಕೃಷ್ಣೆ ನಮ್ಮ ರಾಯಚೂರಿನ ಮಗ್ಗುಲಿನಲ್ಲಿ ಹರಿದು ಬರುವಂಥದು. ನಾವು ಊರು ಬಿಟ್ಟು ಬಂದೆವೆಂದು ಕೊರಗುತ್ತೇವೆ. ಊರಿನ ಹೊಳೆ ನಮ್ಮ ಹಿಂದೆಯೇ ಬಂದು ಅಡಿಗೆಮನೆಯ ನಲ್ಲಿಯಲ್ಲಿ ಇಳಿಯುತ್ತಿದೆ. ಗಡಿಗಳ ಲೆಕ್ಕ ಕಚೇರಿಗಳಿಗೆ ಬೇಕು. ಋಣದ ಲೆಕ್ಕ ಹೊಳೆಯ ಹಾಗೆ ಗಡಿ ದಾಟುತ್ತದೆ.

ಇನ್ನು ಋಣ ತೀರಿಸುವ ಮಾತು. ಅಂದಿನ ವನಭೋಜನದಲ್ಲಿಯೇ ಇದಕ್ಕೆ ಪ್ರಸಂಗ ಒದಗಿತು. ಊಟವಾದ ಮೇಲೆ ತಾಂಬೂಲ ಮೆಲ್ಲುತ್ತ ನಮ್ಮ ಮಿತ್ರರೊಬ್ಬರು ಒಂದು ಸುದ್ದಿ ತೆಗೆದರು. ಕೆರೆಯ ಮೇಲ್ಗಡೆಯ ಹಳ್ಳಿಯೊಂದರಲ್ಲಿ ಪ್ಲಾಟು ಮಾರಾಟಕ್ಕಿದೆ, ಬೆಲೆ ಕೈಗೆಟುಕುವಂತಿದೆ, ಮಳೆಗಾಲದಲ್ಲಿ ಸ್ವಲ್ಪ ನೀರು ನಿಲ್ಲುತ್ತದಂತೆ, ಮಣ್ಣು ಹಾಕಿಸಿದರೆ ಸರಿಹೋಗುತ್ತದಂತೆ. ಹದಿನೈದು ವರ್ಷ ಬಾಡಿಗೆ ಮನೆಯಲ್ಲಿ ಕಳೆದ ಸಂಸಾರಿಯ ಆಸೆಯನ್ನು ಯಾರೂ ಹಳಿಯಲಾರರು. ನಮ್ಮಲ್ಲಿ ಹಲವರ ಕಿವಿ ನೆಟ್ಟಗಾದದ್ದೂ ನಿಜ. ಆಗ ಅತ್ತೆಯವರು ಎಲೆ ಮಡಿಸುತ್ತ ಹೇಳಿದರು: "ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ನೀ ಜಂತೀನ ಕಿತ್ತು ಒಯ್ಯಾಕ ನಿಂತೀಯಲ್ಲೋ ತಮ್ಮಾ!"

ಮಿತ್ರರು ನಕ್ಕರು, ಆದರೆ ಸುಮ್ಮನಾಗಲಿಲ್ಲ. "ಎಲ್ಲರೂ ಕಟ್ಟುತ್ತಿದ್ದಾರೆ ಅತ್ತೀ, ನಾನೊಬ್ಬ ಬಿಟ್ಟರೆ ಕೆರೆ ಉಳಿದೀತೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಆ ೨೨೧ ಕೆರೆಗಳಲ್ಲಿದೆ. ಒಡೆದ ಪ್ರತಿಯೊಂದು ಕೆರೆಯೂ, ನಾನೊಂದು ಸಣ್ಣ ಕೆರೆ, ನನ್ನಿಂದೇನಾದೀತು ಎಂದು ಹೇಳಬಹುದಿತ್ತು. ಸಣ್ಣದು ಸಣ್ಣದು ಸೇರಿಯೇ ನಗರ ಮುಳುಗಿತು. ಸಣ್ಣದು ಸಣ್ಣದು ಸೇರಿಯೇ ಅದು ಉಳಿಯಲೂ ಬೇಕು.

ಇದು ಬರಿಯ ಹಳೆಯ ಕಥೆಯಲ್ಲ. ಈ ಎರಡು ಕೆರೆಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡ, ಕಾರ್ಖಾನೆಗಳು ಏಳಬಾರದೆಂದು ೧೯೯೬ರಲ್ಲಿ ಸರ್ಕಾರ ೧೧೧ನೇ ಸಂಖ್ಯೆಯ ಆದೇಶವನ್ನು ಹೊರಡಿಸಿತ್ತು. ಅದಕ್ಕೊಳಪಟ್ಟ ೮೪ ಹಳ್ಳಿಗಳ ರೈತರು, ಅಕ್ಕಪಕ್ಕದಲ್ಲಿ ಭೂಮಿಯ ಬೆಲೆ ಚಿನ್ನವಾಗುತ್ತಿದ್ದರೂ, ತಮ್ಮ ಹೊಲಗಳನ್ನು ಹೊಲಗಳಾಗಿಯೇ ಇಟ್ಟುಕೊಳ್ಳಬೇಕಾಯಿತು. ಅವರ ಗೊಣಗಾಟಕ್ಕೂ ಕಾರಣವಿತ್ತು; ನಗರದ ಕ್ಷೇಮಕ್ಕಾಗಿ ನಷ್ಟ ಹೊತ್ತವರು ಅವರು. ನಮ್ಮ ಋಣದ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕು. ೨೦೨೨ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಟಿತು. ಅದರ ಸರಿತಪ್ಪನ್ನು ತೂಗುವುದು ದೊಡ್ಡವರ ಕೆಲಸ. ಆದರೆ ಆದೇಶ ಇದ್ದರೂ ಇಲ್ಲದಿದ್ದರೂ ಇಳಿಜಾರಿನಲ್ಲಿ ನೀರು ಹರಿಯುವ ದಾರಿ ಬದಲಾಗುವುದಿಲ್ಲ. ಕಾನೂನು ಬಿಟ್ಟುಕೊಟ್ಟದ್ದನ್ನೂ ಕೃತಜ್ಞತೆ ಬಿಟ್ಟುಕೊಡಬೇಕೆಂದಿಲ್ಲ.

೨೦೨೫ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಭಾರಿ ಮಳೆಯಾಗಿ ಎರಡೂ ಜಲಾಶಯಗಳ ಬಾಗಿಲುಗಳನ್ನು ಎತ್ತಬೇಕಾಯಿತು. ಮೂಸಿ ಉಕ್ಕಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದೊಳಗೆ ನುಗ್ಗಿತು. ದಸರೆಯ ರಜೆಗೆ ಊರಿಗೆ ಹೊರಟಿದ್ದ ಪ್ರಯಾಣಿಕರು ರಾತ್ರಿ ಅಲ್ಲಿ ಸಿಕ್ಕಿಕೊಂಡು, ಹಗ್ಗ ಹಿಡಿದು ನೀರಿನಲ್ಲಿ ನಡೆದು ಹೊರಬರಬೇಕಾಯಿತು. ನಾವು ಊರಿಗೆ ಬಸ್ಸು ಹತ್ತುವುದು ಅದೇ ನಿಲ್ದಾಣದಲ್ಲಿ. ನೂರು ವರ್ಷದ ಹಿಂದಿನ ಕಟ್ಟೆಗಳು ತಮ್ಮ ಪಾಲಿನದನ್ನು ಮಾಡುತ್ತಿವೆ. ನೀರು ನಿಲ್ಲಲೂ ಹರಿಯಲೂ ಇದ್ದ ಜಾಗವನ್ನು ನಾವೇ ತುಂಬುತ್ತ ಹೋದರೆ ಅವು ಒಂಟಿಯಾಗಿ ಎಷ್ಟನ್ನು ತಡೆದಾವು?

ಮಿತ್ರರು ಆ ಪ್ಲಾಟಿಗೆ ಮುಂಗಡ ಕೊಟ್ಟರೋ ಬಿಟ್ಟರೋ ನಾವು ಕೇಳಿಲ್ಲ. ಕೇಳುವುದು ಸಭ್ಯತೆಯೂ ಅಲ್ಲ. ಅಂದು ಸಂಜೆ ಮಾತ್ರ ಎಲೆ, ದೊನ್ನೆ, ಮಕ್ಕಳು ಎಸೆದಿದ್ದ ತಿಂಡಿ ಪೊಟ್ಟಣಗಳು ಎಲ್ಲವನ್ನೂ ಆರಿಸಿ ಚೀಲಕ್ಕೆ ತುಂಬಿದವರಲ್ಲಿ ಅವರೇ ಮೊದಲಿಗರು. ಪಕ್ಕದ ಒಂಗೋಲಿನ ಗೃಹಸ್ಥರೂ ಕೈಜೋಡಿಸಿದರು.

ದೊಡ್ಡ ದೊಡ್ಡ ಸಂಕಲ್ಪಗಳು ನಮ್ಮಂಥ ಸಾಮಾನ್ಯ ಸಂಸಾರಿಗಳಿಗೆ ಹೊಂದುವುದಿಲ್ಲ. ನಾವು ಕೇಳಿಕೊಳ್ಳುವುದು ಮೂರೇ ಸಂಗತಿ. ವರ್ಷದಲ್ಲಿ ಒಂದು ರಜೆಯನ್ನಾದರೂ ಮನೆಮಂದಿಯೆಲ್ಲ ಒಟ್ಟಾಗಿ ಈ ನಗರದ ಒಂದು ಋಣದ ಜಾಗಕ್ಕೆ ಮೀಸಲಿಡೋಣ: ಗಂಡಿಪೇಟೆಯಾಗಲಿ, ಹಿಮಾಯತ್ ಸಾಗರವಾಗಲಿ, ಆ ಹುಣಿಸೆಯ ಮರವಾಗಲಿ, ಮೂಸಿ ಈಸಿಗಳು ಕೂಡುವ ಬಾಪು ಘಾಟಾಗಲಿ. ಅಲ್ಲಿ ಕುಳಿತು ಮಕ್ಕಳಿಗೆ ಕಥೆಯನ್ನು ಪೂರ್ತಿಯಾಗಿ ಹೇಳೋಣ, ನಮ್ಮವರ ಹೆಸರಿನೊಡನೆ ಇತರರ ಹೆಸರನ್ನೂ ಸೇರಿಸಿ. ಮನೆ ಕಟ್ಟುವ ಯೋಗ ಬಂದಾಗ ಆ ನೆಲದಲ್ಲಿ ಮೊದಲು ಕೆರೆಯಿತ್ತೇ, ಕಾಲುವೆಯಿತ್ತೇ ಎಂದು ಹಳ್ಳಿಯ ಒಬ್ಬ ಮುದುಕರನ್ನಾದರೂ ಕೇಳಿ ತಿಳಿಯೋಣ. ಕಾಗದಪತ್ರ ಮರೆಮಾಚಿದ್ದನ್ನು ಅವರು ಹೇಳಿಯಾರು.

ಬರುವ ಕಾರ್ತಿಕದ ವನಭೋಜನಕ್ಕೆ ನಮ್ಮ ಸಂಘದ ಸಂಸಾರಗಳೆಲ್ಲ ಹೊರಡುವಂತಾದರೆ ಬುತ್ತಿಯ ಜೊತೆ ಒಂದು ನೆಲ್ಲಿಯ ಸಸಿಯನ್ನೂ ಒಯ್ಯೋಣ; ಸಂಬಂಧಪಟ್ಟವರ ಅಪ್ಪಣೆ ಪಡೆದು ದಡದಲ್ಲಿ ನೆಡೋಣ. ಅದು ಮರವಾಗಿ ನೆರಳು ಕೊಡುವ ಹೊತ್ತಿಗೆ ಅದರ ಕೆಳಗೆ ಕುಳಿತು ಉಣ್ಣುವವರು ಯಾರೋ, ಅವರ ಮನೆಮಾತು ಯಾವುದೋ. ಕೆರೆ ಕಟ್ಟಿದವರೂ ನಮ್ಮ ವಿಷಯದಲ್ಲಿ ಅಷ್ಟನ್ನೇ ಬಲ್ಲವರಾಗಿದ್ದರು.